ಘಟ್ಟದಲ್ಲಿ ಎಳೆಯದ ಗಾಡಿ

"ಗಾಡಿ ಎಳೀತಿಲ್ಲ ಮಾರಾಯ್ರೆ. ಒಮ್ಮೆ ಸರಿ ಇರ್ತದೆ, ಒಮ್ಮೆ ಜೀವವೇ ಇಲ್ಲ." ಭಟ್ಕಳದ ಬೆಳಕೆಯಿಂದ ಹೊನ್ನಾವರ, ಕುಮಟಾದವರೆಗೆ ಹೆದ್ದಾರಿ 66ರ ಆಸುಪಾಸಿನ ಗ್ಯಾರೇಜುಗಳಿಗೆ ಹಳೆಯ ಕಾರುಗಳು ಇಂಥ ಮಾತಿನೊಂದಿಗೇ ಬರುತ್ತವೆ. ಪೂರ್ತಿ ಕೆಟ್ಟು ನಿಂತ ಎಂಜಿನ್ನಿನ ದೋಷ ಹುಡುಕುವುದು ಅಷ್ಟು ಕಷ್ಟವಲ್ಲ. ಆಗಾಗ ಸೋತು, ಗ್ಯಾರೇಜಿನ ಮುಂದೆ ನಿಂತ ಕೂಡಲೇ ಸರಿಯಾಗಿಬಿಡುವ ಎಂಜಿನ್ನೇ ಮೆಕ್ಯಾನಿಕ್‌ನ ನಿಜವಾದ ಪರೀಕ್ಷೆ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರದ್ದು 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಓಮ್ನಿಯಲ್ಲಿದ್ದದ್ದೂ ಅದೇ. ಒಂದು ಸಿಲಿಂಡರ್ ಮಿಸ್ ಆದರೆ ಮೂರನೇ ಒಂದು ಪಾಲು ಬಲವೇ ಹೋಯಿತು. ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳಲ್ಲಿ ಸ್ಕ್ಯಾನರ್ ಚುಚ್ಚಲು ಜಾಗವಿಲ್ಲ. ಹಾಗಾಗಿ ಅನುಭವಿ ಮೆಕ್ಯಾನಿಕ್ ಪಾನಾ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ: ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಮಳೆಯಲ್ಲೋ, ಬಿಸಿಲಲ್ಲೋ? ಸಪಾಟು ರಸ್ತೆಯಲ್ಲೋ, ದೇವಿಮನೆ ಘಟ್ಟ ಹತ್ತುವಾಗಲೋ?

ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಘಟ್ಟದಲ್ಲಿ ಮಾತ್ರ ಸೋತರೆ ಮೊದಲ ಅನುಮಾನ ಪೆಟ್ರೋಲಿನ ಹರಿವಿನ ಮೇಲೆ. ಕಟ್ಟಿಕೊಂಡ ಫಿಲ್ಟರ್, ಬಲ ಕುಂದಿದ ಪಂಪ್, ಕಸ ಕೂತ ಜೆಟ್ ನೋಡಬೇಕು. ಮಳೆಯಲ್ಲಿ ಮಾತ್ರ ಸೋತರೆ ಪ್ಲಗ್ ವೈರ್ ಮತ್ತು ಡಿಸ್ಟ್ರಿಬ್ಯೂಟರ್ ಮುಚ್ಚಳ ನೋಡಬೇಕು. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ದೂರದಿಂದ ನೀರು ಚಿಮುಕಿಸಿದರೆ ಕರಂಟ್ ಸೋರುವಲ್ಲಿ ನೀಲಿ ಕಿಡಿ ಹಾರುತ್ತದೆ. ಪ್ಲಗ್ ಬಿಚ್ಚಿದಾಗ ಅದರ ತುದಿ ತಿಳಿ ಕಂದು ಇದ್ದರೆ ಒಳ್ಳೆಯದು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು, ದಾರಿಯಲ್ಲಿ ನಿಂತು ಹತ್ತು ನಿಮಿಷದ ನಂತರ ತಾನಾಗಿ ಸ್ಟಾರ್ಟ್ ಆಗುವ ಗಾಡಿ. ಇದಕ್ಕೆ ಮೂರು ಕಾರಣಗಳಿರಬಹುದು, ಮೂರರ ಲಕ್ಷಣವೂ ಒಂದೇ. ಒಂದು, ಬಿಸಿಯಾದಾಗ ಸೋಲುವ ಇಗ್ನಿಷನ್ ಕಾಯಿಲ್. ತಣ್ಣಗಾದರೆ ಮತ್ತೆ ಕಿಡಿ ಕೊಡುತ್ತದೆ. ಇನ್ನೊಂದು, ಟ್ಯಾಂಕಿನ ತುಕ್ಕಿನ ಚೂರು. ಪೆಟ್ರೋಲ್ ಎಳೆಯುವಾಗ ಪೈಪಿನ ಬಾಯಿಗೆ ಬಂದು ಅಂಟುತ್ತದೆ, ಎಂಜಿನ್ ನಿಂತರೆ ಕಳಚಿ ಕೆಳಗಿಳಿಯುತ್ತದೆ. ಮತ್ತೊಂದು, ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ದಾರಿ ಕಟ್ಟಿಕೊಂಡು ಒಳಗೆ ನಿರ್ವಾತವಾಗಿ ಪೆಟ್ರೋಲ್ ಹೊರಡದಿರುವುದು. ಬೇರ್ಪಡಿಸಿ ನೋಡಲು ಗಾಡಿ ನಿಂತ ಆ ಕ್ಷಣವೇ ಬೇಕು. ಮೊದಲು ಟ್ಯಾಂಕಿನ ಮುಚ್ಚಳ ತಿರುಗಿಸಬೇಕು. ಒಳಗೆ ಜೋರಾಗಿ ಗಾಳಿ ನುಗ್ಗಿ, ಗಾಡಿ ಬೇಗನೇ ಚೇತರಿಸಿಕೊಂಡರೆ ದೋಷ ಅಲ್ಲಿದೆ. ಇಲ್ಲವಾದರೆ ಕಿಡಿ ಪರೀಕ್ಷಿಸಬೇಕು. ಕಿಡಿ ಗಟ್ಟಿಯಾಗಿದ್ದರೆ ಕಾಯಿಲ್ ಬದಲಿಸುವುದು ದಂಡ. ಪೆಟ್ರೋಲಿನ ದಾರಿಯನ್ನೇ ಹುಡುಕಬೇಕು. ಇದನ್ನು ತಿಳಿಯದೆ ಪ್ಲಗ್, ಕಾಯಿಲ್, ಪಂಪ್ ಎಂದು ಒಂದೊಂದೇ ಹೊಸದು ಹಾಕಿ ಬಿಲ್ ಬೆಳೆಸುವುದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ.

ಈ ಕರಾವಳಿಯಲ್ಲಿ ತುಕ್ಕಿನ ಪಾಲು ದೊಡ್ಡದು. ಎಷ್ಟೋ ಕಡೆ ಮನೆಯವರು ಗಲ್ಫ್‌ನಲ್ಲಿದ್ದು, ಕಾರು ವರ್ಷದ ಬಹುಪಾಲು ಶೆಡ್ಡಿನಲ್ಲೇ ನಿಂತಿರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ತಗಡನ್ನು ತಿನ್ನುತ್ತದೆ, ಉಪ್ಪು ಗಾಳಿ ವೈರಿನ ಕನೆಕ್ಷನ್‌ಗಳನ್ನು ಹಸಿರುಗಟ್ಟಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಇರುವ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಹೋಸ್ ಮತ್ತು ಪಂಪಿನ ಡಯಾಫ್ರಾಮನ್ನು ಹಾಳುಮಾಡುತ್ತದೆ. ಇಂಥ ಕಾರನ್ನು ಮತ್ತೆ ಹೊರತೆಗೆಯುವ ಮೊದಲು ಹೋಸುಗಳನ್ನು ಬದಲಿಸಿ, ಟ್ಯಾಂಕ್ ಬಿಚ್ಚಿ ತೊಳೆಸುವುದು ಒಳ್ಳೆಯದು.

ಗ್ಯಾರೇಜಿಗೆ ಹೋಗುವಾಗ ಗಾಡಿ ಯಾವ ಗೇರಿನಲ್ಲಿ, ಎಷ್ಟು ಓಡಿದ ಮೇಲೆ ಸೋತಿತು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂದು ಬರೆದಿಟ್ಟುಕೊಂಡು ಹೋಗಿ. ಪ್ಲಗ್ ಒರೆಸಬೇಡಿ, ಸ್ಕ್ರೂ ತಿರುಗಿಸಬೇಡಿ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಡಿ ಸೋಲುವ ಆ ಏರಿನವರೆಗೂ ಓಡಿಸಿ ತೋರಿಸಿ.