ಕಣ್ಣಿಗೆ ಮರೆ, ಕೈಗಲ್ಲ

ಹಬ್ಬಕ್ಕೆ ಮಾಡಿದ ಚಕ್ಕುಲಿಯ ಡಬ್ಬಿಯನ್ನು ಅಜ್ಜಿ ಅಟ್ಟದ ಮೇಲೆ, ಹಳೆಯ ಹಂಡೆಯ ಹಿಂದೆ ಇಡುತ್ತಾಳೆ. ಮಕ್ಕಳ ಕಣ್ಣಿಗೆ ಅದು ಬೀಳುವುದಿಲ್ಲ. ಜಾಗ ತಿಳಿದ ಅಮ್ಮ ಬೇಕಾದಾಗ ತೆಗೆದು ಬಡಿಸುತ್ತಾಳೆ. ಆದರೆ ಡಬ್ಬಿಗೆ ಬೀಗವಿಲ್ಲ. ಮೊಮ್ಮಗ ಒಮ್ಮೆ ಏಣಿ ಹತ್ತಿದನೆಂದರೆ ಡಬ್ಬಿ ಖಾಲಿ!

ಕಂಪ್ಯೂಟರ್ ಜಾಲದಲ್ಲೂ ಇಂಥದೊಂದು ಅಟ್ಟವಿದೆ. ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವನ್ನೇ ನೋಡಿ. ಅಲ್ಲಿನ ಹತ್ತಾರು ಯಂತ್ರಗಳು ಒಂದೇ ಜಾಲಕ್ಕೆ ಸೇರಿರುತ್ತವೆ. ಒಂದು ಯಂತ್ರದ ಫೋಲ್ಡರನ್ನು ‘ಹಂಚಿಕೆ’ಗೆ ಬಿಟ್ಟರೆ ಉಳಿದ ಯಂತ್ರಗಳಿಂದಲೂ ಅದನ್ನು ತೆರೆಯಬಹುದು. ಪಾಠದ ಟಿಪ್ಪಣಿಗಳು ಎಲ್ಲರಿಗೂ ಕಾಣಬೇಕು, ಸರಿ. ಆಂತರಿಕ ಅಂಕಗಳ ಪಟ್ಟಿ ಅಧ್ಯಾಪಕರಿಗೆ ಮಾತ್ರ ಸಿಗಬೇಕಲ್ಲ?

ವಿಂಡೋಸ್‌ನಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಫೋಲ್ಡರನ್ನು ಹಂಚುವಾಗ ಕೊಡುವ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಸೇರಿಸುವುದು, ಅಷ್ಟೇ. ‘ಅಂಕಪಟ್ಟಿ’ ಎಂಬ ಹೆಸರು ಜಾಲದ ಪಟ್ಟಿಯಲ್ಲಿ ಕಾಣುತ್ತದೆ, ‘ಅಂಕಪಟ್ಟಿ$’ ಕಾಣುವುದಿಲ್ಲ. ಹೆಸರು ಬಲ್ಲ ಅಧ್ಯಾಪಕರು ವಿಳಾಸದ ಜಾಗದಲ್ಲಿ \\ಸರ್ವರ್\ಅಂಕಪಟ್ಟಿ$ ಎಂದು ಬರೆದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ದಿನವೂ ಬರೆಯುವುದು ಬೇಸರವೆನಿಸಿದರೆ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟುಕೊಂಡರಾಯಿತು.

ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಎಡವುವುದೂ ಇಲ್ಲಿಯೇ. ಡಾಲರ್ ಇರುವ ಹೆಸರನ್ನು ಮರೆಮಾಡುವುದು ವಿಂಡೋಸ್ ಸರ್ವರ್ ಅಲ್ಲ. ಅದು ಇಡೀ ಪಟ್ಟಿಯನ್ನು ಕಳಿಸಿಬಿಡುತ್ತದೆ. ಆ ಹೆಸರುಗಳನ್ನು ಬಿಟ್ಟು ಉಳಿದವನ್ನು ತೋರಿಸುವುದು ನೋಡುವವನ ಕಂಪ್ಯೂಟರ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಕ್ಯಾನ್‌ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ 1992ರ ಸುಮಾರಿಗೆ ಬರೆಯತೊಡಗಿದ ಸಾಂಬಾ ಎಂಬ ಉಚಿತ ತಂತ್ರಾಂಶ ಯುನಿಕ್ಸ್ ಯಂತ್ರಗಳನ್ನು ವಿಂಡೋಸ್ ಜಾಲಕ್ಕೆ ಬೆಸೆಯುತ್ತದೆ. ಅದರ ಜೊತೆಗೆ ಬರುವ ಒಂದು ಪುಟ್ಟ ಸಾಧನಕ್ಕೆ ಕೇಳಿದರೆ ಡಾಲರ್ ಹೆಸರುಗಳನ್ನೂ ಸೇರಿಸಿ ಒಪ್ಪಿಸುತ್ತದೆ. ಇನ್ನು ಹೆಸರನ್ನು ಊಹಿಸಿ ಬರೆಯುವವರಿಗೆ ಸಾಧನವೂ ಬೇಡ!

ಹಾಗಾದರೆ ಬೀಗ ಎಲ್ಲಿದೆ? ಅನುಮತಿಯಲ್ಲಿದೆ. ಹಂಚಿದ ಫೋಲ್ಡರಿಗೆ ಎರಡು ಬಾಗಿಲು. ಒಂದು ಹಂಚಿಕೆಯ ಅನುಮತಿ, ಇನ್ನೊಂದು ಡಿಸ್ಕಿನಲ್ಲಿರುವ ಕಡತಗಳ ಅನುಮತಿ. ಜಾಲದ ಮೂಲಕ ಬರುವವರು ಎರಡನ್ನೂ ದಾಟಬೇಕು. ಯಾವುದು ಬಿಗಿಯೋ ಅದೇ ನಡೆಯುತ್ತದೆ. ‘ಎಲ್ಲರಿಗೂ’ ಎಂಬ ಗುಂಪನ್ನು ತೆಗೆದು, ಬೇಕಾದವರ ಹೆಸರನ್ನಷ್ಟೇ ಸೇರಿಸಿದರೆ ಗುಟ್ಟು ಬಯಲಾದರೂ ಬಾಗಿಲು ತೆರೆಯದು. ವಿಂಡೋಸ್ ಕೂಡ ಮಾಡುವುದು ಇದನ್ನೇ. ‘ಸಿ’ ಡ್ರೈವನ್ನು ಅದು ತಾನಾಗಿಯೇ ಡಾಲರ್ ಸೇರಿಸಿ ಹಂಚಿರುತ್ತದೆ. ಆದರೆ ಒಳಗೆ ಬಿಡುವುದು ಆಡಳಿತಾಧಿಕಾರ ಇರುವವರನ್ನು ಮಾತ್ರ.

2005ರಲ್ಲಿ ವಿಂಡೋಸ್ ಸರ್ವರ್ 2003ಕ್ಕೆ ಇನ್ನೊಂದು ಸೌಲಭ್ಯ ಸೇರಿತು. ಹಂಚಿಕೆಯ ಒಳಗಿನ ಫೋಲ್ಡರುಗಳಲ್ಲಿ ಯಾರಿಗೆ ಯಾವುದನ್ನು ಓದುವ ಅನುಮತಿ ಇದೆಯೋ ಅವರಿಗೆ ಅಷ್ಟು ಮಾತ್ರ ಕಾಣುತ್ತದೆ. ಇಲ್ಲಿ ಮರೆಮಾಡುವುದು ಸರ್ವರ್ ತಾನೇ. ಬೀಗ ಮೊದಲು, ಮರೆ ಆಮೇಲೆ.

ಭಾಷಾವಿದ್ವಾಂಸ ಆಗುಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಸೈನ್ಯದ ಗೂಢಲಿಪಿಗಳ ಬಗ್ಗೆ ಬರೆಯುತ್ತಾ ಇದೇ ಅರ್ಥದ ಮಾತು ಹೇಳಿದ್ದ: ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು.

ಮನೆಯ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕಾಗದಪತ್ರ ಇಟ್ಟಿರುವ ತಂದೆತಾಯಿಗಳಿಗೂ ಈ ಮಾತು ಅನ್ವಯಿಸುತ್ತದೆ. ವಿದ್ಯಾರ್ಥಿಗಳು ನೆನಪಿಡಬೇಕಾದ್ದು ಇನ್ನೊಂದಿದೆ. ಹೆಸರು ತಿಳಿದ ಮಾತ್ರಕ್ಕೆ ಹಕ್ಕು ಸಿಕ್ಕಂತಲ್ಲ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನೊಳಗೆ ಹೊಕ್ಕವರು ಪರಿಹಾರ ತೆರಬೇಕಾಗುತ್ತದೆ ಎನ್ನುತ್ತದೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು.

ಅಜ್ಜಿಗೆ ಇದೆಲ್ಲ ಗೊತ್ತಿಲ್ಲದೆ ಇಲ್ಲ. ಚಕ್ಕುಲಿಯನ್ನು ಅಟ್ಟಕ್ಕೇರಿಸುವ ಆಕೆ ಒಡವೆಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯುತ್ತಾಳೆ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.