ಬಿಸಿಲ ಸೀಮೆಯಲ್ಲಿ ಕಾಂಕ್ರೀಟು ದಾರಿ



ಕೊಪ್ಪಳ, ಹೊಸಪೇಟೆಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿ ಹಿಟ್ನಾಳವೆಂಬ ಊರಿದೆ. ಬೇಸಗೆಯಲ್ಲಿ ಈ ಸೀಮೆಯ ಉಷ್ಣತೆಯು 40 ಡಿಗ್ರಿಯನ್ನು ಮುಟ್ಟುವುದುಂಟು. ಇಂತಹ ಕಡೆ ಬೀದಿಯಿಂದ ಮನೆಯವರೆಗೆ ಮೋಟಾರು ಹಾಯಲು ಕಾಂಕ್ರೀಟು ದಾರಿಯನ್ನು ಹಾಕಿಸಿದವರು, ಅದು ಬೇಗನೆ ಬಿರಿದರೆ ಸಿಮೆಂಟನ್ನು ದೂರುವರು. ದೋಷವು ಬಹುಮಟ್ಟಿಗೆ ಸಿಮೆಂಟಿನದಲ್ಲ.

ಕಾಂಕ್ರೀಟು ಒಣಗಿ ಗಟ್ಟಿಯಾಗುವುದೆಂಬುದು ಭ್ರಮೆ. ಸಿಮೆಂಟು ನೀರಿನೊಡನೆ ಸಂಯೋಗ ಹೊಂದಿಯೇ ಗಟ್ಟಿಯಾಗತಕ್ಕದ್ದು. ಬಿಸಿಲೂ ಗಾಳಿಯೂ ಆ ನೀರನ್ನು ಹೀರಿದರೆ ಸಂಯೋಗವು ಅರ್ಧಕ್ಕೆ ನಿಲ್ಲುತ್ತದೆ. ಆದಕಾರಣ ಕೆಲಸವನ್ನು ಸಂಜೆಯ ತಂಪಿನಲ್ಲಿ ನಡೆಸಬೇಕು. ಮೇಲ್ಮೈಯಲ್ಲಿ ಬೆರಳಿನ ಗುರುತು ಬೀಳದಂತಾದೊಡನೆ ಒದ್ದೆ ಗೋಣಿತಾಟನ್ನು ಹೊದಿಸಿ, 10 ದಿನಗಳಾದರೂ ಆರದಂತೆ ಕಾಯಬೇಕು. ಆದರೆ ಕಲಸುವಾಗ ಕೆಲಸ ಸುಲಭವಾಗಲೆಂದು ಹೆಚ್ಚು ನೀರು ಸುರಿದರೆ ಬಲವು ಕುಂದುವುದು.

ಇನ್ನು ತಳಪಾಯದ ಮಾತು. ಕೊಪ್ಪಳ ಸೀಮೆಯಲ್ಲಿ ಕೆಂಪು ಮಣ್ಣೂ ಎರೆಮಣ್ಣೂ ಉಂಟು. ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲಿನ ಹಾಸು ಹೇಗೆ ತಾನೆ ನಿಂತೀತು? ಅದನ್ನು ಅಗೆದು ತೆಗೆದು, ಗರಸು ತುಂಬಿ, ನೀರು ಚಿಮುಕಿಸಿ ದಿಮ್ಮಸು ಮಾಡಬೇಕು. ಹಾಸು 5 ಅಂಗುಲ ದಪ್ಪವಿರಲಿ. 10 ಅಡಿಗೊಂದರಂತೆ, ದಪ್ಪದ ಕಾಲುಭಾಗದಷ್ಟು ಆಳವಾದ ಸಂದುಗಳನ್ನು ಕೊಯ್ದರೆ ಬಿರುಕು ಅಡ್ಡಾದಿಡ್ಡಿ ಹರಿಯದೆ ಅಲ್ಲಿಯೇ ಅಡಗುವುದು.

ನೀರು ದುರ್ಲಭವಾದ ಊರಿನಲ್ಲಿ 10 ದಿನ ನೀರುಣಿಸುವುದು ದುಂದೆಂದು ತೋರಬಹುದು. ಒಡೆದ ದಾರಿಯನ್ನು ಮತ್ತೆ ಹಾಕಿಸುವಾಗ ಸಿಮೆಂಟು, ಕೂಲಿ, ನೀರು ಮೂರೂ ಎರಡನೆಯ ಸಲ ವ್ಯಯವಾಗುವುವು. ಮೊದಲು ಉಣಿಸಿದ ನೀರೇ ಮಿತವ್ಯಯ.