ಜಠರದ ಕ್ಯಾನ್ಸರ್ ಮತ್ತು ಶಸ್ತ್ರವೈದ್ಯನ ಸಂಶೋಧನೆ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ ನಮ್ಮ ಜನರು ಎದೆಗುಂದುವರು. ಹಿರಿಯರು ಏಡಿಗಂತಿ ಎಂದು ಕರೆದ ಈ ರೋಗವು ಅನ್ನನಾಳ, ಜಠರ, ಕರುಳು ಮೊದಲಾದ ಜೀರ್ಣಾಂಗಗಳಲ್ಲಿ ಹುಟ್ಟಿದರೆ ಬಹುಕಾಲ ಹೊರಗೆ ತೋರದೆ ಇರುವುದುಂಟು. ಅದನ್ನು ಕೊಯ್ದು ತೆಗೆಯುವ ಶಸ್ತ್ರವೈದ್ಯನ ಕೈಚಳಕವನ್ನು ಎಲ್ಲರೂ ಕೊಂಡಾಡುವರು. ಆದರೆ ಆತನು ಸಂಶೋಧಕನೂ ಆಗಿರಬೇಕೆಂಬುದು ಅನೇಕರಿಗೆ ತಿಳಿಯದು. ಆ ಸಂಶೋಧನೆ ಯಾವ ಬಗೆಯದು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸಿದೆ.

ಈ ಶಾಸ್ತ್ರದಲ್ಲಿ ಮೊದಲು ನೆನೆಯಬೇಕಾದವನು ಥಿಯೋಡೋರ್ ಬಿಲ್‌ರೋತ್. 1829ರಲ್ಲಿ ಜರ್ಮನಿಯ ರ್‍ಯೂಗನ್ ದ್ವೀಪದಲ್ಲಿ ಹುಟ್ಟಿದ ಈತನು 1867ರಲ್ಲಿ ವಿಯೆನ್ನಾ ನಗರದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾದನು. ಜಠರದ ಒಂದು ಭಾಗವನ್ನು ಕತ್ತರಿಸಿದರೆ ಪ್ರಾಣಿ ಬದುಕೀತೆ? ಉಳಿದ ಭಾಗವನ್ನು ಕರುಳಿಗೆ ಹೊಲಿದರೆ ಆ ಹೊಲಿಗೆಯನ್ನು ಜಠರರಸವು ಅರಗಿಸಿಬಿಡದೆ? ಈ ಪ್ರಶ್ನೆಗಳಿಗೆ ಆತನ ಶಿಷ್ಯರು ನಾಯಿಗಳ ಮೇಲೆ ಪ್ರಯೋಗ ಮಾಡಿ ಉತ್ತರ ಹುಡುಕಿದರು. ಸತ್ತವರ ಶವಪರೀಕ್ಷೆಯ ದಾಖಲೆಗಳನ್ನೂ ತೆಗೆದು, ರೋಗವು ಜಠರದಲ್ಲಿಯೇ ನಿಂತಿದ್ದವರು ಎಷ್ಟು ಮಂದಿ ಎಂದು ಎಣಿಸಿದರು. ಪ್ಯಾರಿಸ್ಸಿನ ಪೇಆನ್ 1879ರಲ್ಲಿ, ಪೋಲೆಂಡಿನ ರಿಡಿಗಿಯೆರ್ 1880ರಲ್ಲಿ ಈ ಶಸ್ತ್ರಕ್ರಿಯೆ ನಡೆಸಿದ್ದರೂ ಅವರ ರೋಗಿಗಳು ಬದುಕಲಿಲ್ಲ. 1881ರ ಜನವರಿ 29ರಂದು ಬಿಲ್‌ರೋತನು ಥೆರೇಸ ಹೆಲ್ಲರ್ ಎಂಬ 43 ವರ್ಷದ ಹೆಂಗಸಿನ ಜಠರದ ಕೆಳಭಾಗವನ್ನು ತೆಗೆದನು. ಆಕೆ ಚೇತರಿಸಿಕೊಂಡು ಮತ್ತೆ ಉಂಡಳು. ಆದರೆ ಸುಮಾರು ನಾಲ್ಕು ತಿಂಗಳಲ್ಲಿ ರೋಗವು ಮರುಕಳಿಸಿ ತೀರಿಕೊಂಡಳು. ಹೊಲಿಗೆ ಗೆದ್ದಿತು, ರೋಗ ಸೋಲಲಿಲ್ಲ. ಬಿಲ್‌ರೋತನ ಹಿರಿಮೆ ಕತ್ತಿಯಲ್ಲಿ ಮಾತ್ರವಲ್ಲ. ತನ್ನ ಕೈಯಲ್ಲಿ ಸತ್ತವರ ಲೆಕ್ಕವನ್ನೂ ಬದುಕಿದವರ ಲೆಕ್ಕದೊಡನೆ ಅಚ್ಚುಹಾಕಿಸಿದ ಪ್ರಾಮಾಣಿಕತೆಯಲ್ಲಿಯೂ ಇದೆ.

ರೋಗ ಮರುಕಳಿಸುವುದೇಕೆ? ಜಠರದ ಸುತ್ತಲಿನ ದುಗ್ಧಗ್ರಂಥಿಗಳಿಗೆ ಅದು ಹರಡಿರಬಹುದು. ಹಾಗಾದರೆ ಗ್ರಂಥಿಗಳನ್ನು ಎಷ್ಟು ದೂರದವರೆಗೆ ತೆಗೆಯಬೇಕು? ಜಪಾನಿನ ವೈದ್ಯರು ಹೆಚ್ಚು ತೆಗೆಯುತ್ತಿದ್ದರು, ಯುರೋಪಿನವರು ಕಡಿಮೆ. ಇದನ್ನು ಬಗೆಹರಿಸಲು ಹಾಲೆಂಡಿನಲ್ಲಿ 1989ರಿಂದ 1993ರವರೆಗೆ 711 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎರಡು ವಿಧದ ಶಸ್ತ್ರಕ್ರಿಯೆ ನಡೆಸಿದರು. ಹೆಚ್ಚು ತೆಗೆದ ಗುಂಪಿನಲ್ಲಿ ಶಸ್ತ್ರಕ್ರಿಯೆಯ ಬೆನ್ನಿಗೇ ಶೇಕಡ 10 ಮಂದಿ, ಕಡಿಮೆ ತೆಗೆದ ಗುಂಪಿನಲ್ಲಿ ಶೇಕಡ 4 ಮಂದಿ ಮರಣ ಹೊಂದಿದರು. ಹೆಚ್ಚು ಕೊಯ್ಯುವುದೇ ತಪ್ಪೆಂದು ಹಲವರು ತೀರ್ಮಾನಿಸಿದರು. ಆದರೆ 15 ವರ್ಷ ಕಾದು 2010ರಲ್ಲಿ ಲೆಕ್ಕ ಹಾಕಿದಾಗ, ಇದೇ ಕ್ಯಾನ್ಸರಿನಿಂದ ಸತ್ತವರು ಹೆಚ್ಚು ತೆಗೆದ ಗುಂಪಿನಲ್ಲಿ ಶೇಕಡ 37, ಮತ್ತೊಂದರಲ್ಲಿ ಶೇಕಡ 48 ಎಂದು ಕಂಡಿತು. ಗುಲ್ಮವನ್ನೂ ಮೇದೋಜೀರಕ ಗ್ರಂಥಿಯನ್ನೂ ಮುಟ್ಟದೆ ದುಗ್ಧಗ್ರಂಥಿಗಳನ್ನು ಮಾತ್ರ ತೆಗೆದರೆ ಅಪಾಯ ತಗ್ಗುವುದೆಂಬ ತಿಳಿವಳಿಕೆಯೂ ಬೆಳೆಯಿತು. ಐದು ವರ್ಷಕ್ಕೇ ಪುಸ್ತಕ ಮುಚ್ಚಿದ್ದರೆ ಈ ಸತ್ಯ ಕೈಗೆ ಸಿಕ್ಕುತ್ತಿರಲಿಲ್ಲ.

ನಮ್ಮ ಊರಿಗೂ ಇಂಥ ಲೆಕ್ಕದ ಪುಸ್ತಕವೊಂದುಂಟು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದಿದೆ. ಆಸ್ಪತ್ರೆಗಳ ಕಡತಗಳಿಂದಲೂ ಮರಣದ ದಾಖಲೆಗಳಿಂದಲೂ ವಿವರ ಕೂಡಿಸುವರು. ನಮ್ಮ ರಾಜಾಜಿನಗರ, ವಿಜಯನಗರಗಳ ರೋಗಿಗಳೂ ಅದರಲ್ಲಿ ಸೇರುವರು. ಇಲ್ಲಿನ ಗಂಡಸರಲ್ಲಿ ಜಠರದ ಕ್ಯಾನ್ಸರ್ ಮುಂದಿನ ಸಾಲಿನ ರೋಗಗಳಲ್ಲಿ ಒಂದೆಂಬುದು ಈ ಎಣಿಕೆಯಿಂದಲೇ ತಿಳಿದುಬಂದಿದೆ.

ಕಲಾ ವಿಭಾಗದ ನಮಗೆ ಇದರಿಂದೇನು ಎಂದು ಮಿತ್ರರು ಕೇಳಬಹುದು. ಶಸ್ತ್ರಕ್ರಿಯೆಯಾದ ಮೇಲೆ ಕೆಂಗೇರಿಯ ರೋಗಿಯೊಬ್ಬರು ಬಸ್ಸಿನ ಖರ್ಚಿಗೆ ಅಂಜಿಯೋ, ಗುಣವಾಯಿತೆಂದು ನಂಬಿಯೋ ಮರುಪರೀಕ್ಷೆಗೆ ಹೋಗದಿದ್ದರೆ, ಅವರಿಗೂ ಕೇಡು, ಲೆಕ್ಕದಲ್ಲಿಯೂ ಒಂದು ಸಾಲು ಬರಿದು. ನುಂಗುವಾಗ ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಇವು ಕಂಡರೆ ನಾಚದೆ ವೈದ್ಯರ ಬಳಿಗೆ ಹೋಗಬೇಕೆಂದು ಮನೆಯವರಿಗೂ ನೆರೆಯವರಿಗೂ ತಿಳಿಯಹೇಳುವುದು, ಮರುಪರೀಕ್ಷೆಯ ದಿನ ಜೊತೆಗೆ ಹೋಗುವುದು ವಿದ್ಯಾವಂತರಾದ ನಮ್ಮಿಂದ ಆಗದ ಕೆಲಸವೇನಲ್ಲ. ಶಸ್ತ್ರವೈದ್ಯನ ಸಂಶೋಧನೆ ಶಸ್ತ್ರಕ್ರಿಯೆಯ ಕೋಣೆಯಲ್ಲಿ ಮುಗಿಯುವುದಿಲ್ಲ. ಅದು ರೋಗಿಯ ಮನೆಯವರೆಗೂ ಬರುತ್ತದೆ.